ತಂಬಿಗೆ ನೀರು

ಐವತ್ತೆಂಟರ ಬೇಸಿಗೆ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು: ಕ್ರೈಸ್ತ ಮಿಷನ್ ಸಿಸ್ಟರುಗಳ ಔಷಧಿ ಚೀಲ ಹೊತ್ತು ಹಳ್ಳಿ ತಿರುಗುತ್ತಿದ್ದ ಕಲ್ಲಮ್ಮ ಮತ್ತು ಅವಳ ಅಕ್ಕ.

"ಯಾಕೆ ಕೆಲಸ ಬುಟ್ಟೆ?" ಅಕ್ಕ ಕೇಳಿದಳು.

"ಕೊತ್ತಗೆರೇಲಿ ಒಂದು ಹಸುಗೂಸು ಸಾಯೋ ಹಂಗಿತ್ತು. ಸಿಸ್ಟರಮ್ಮ ನೀರು ಕೇಳಿದ್ರು. ಮೈ ಒರೆಸ್ತಾರೆ ಅಂದ್ಕೊಂಡು ತಂಬಿಗೇಲಿ ತಂದ್ಕೊಟ್ಟೆ."

"ಆಮೇಲೆ?"

"ತಲೆ ಮೇಲೆ ಹುಯ್ದು ಏನೋ ಪಿಸುಗುಟ್ಟಿದ್ರು. ಕೂಸು ಹೋಯ್ತು. ಬರೋ ದಾರೀಲಿ ಹೇಳ್ತಾರೆ, ಅದನ್ನ ಅವರ ದೇವರಿಗೆ ಸೇರಿಸಿದ್ರಂತೆ. ಹೆಸರೂ ಇಟ್ರಂತೆ. ನಾನು ತಂದ ನೀರಲ್ಲೇ."

"ತಾಯಿಗೆ ಹೇಳಿದ್ಯಾ?"

"ಹೆಂಗೆ ಹೇಳ್ಲಿ? ಇವರು ಜಾತಿ ಕೆಡಿಸಲ್ಲ, ಒಳಕ್ಕೆ ಬುಡವ್ವ ಅಂತ ಮಾತು ಕೊಟ್ಟೋಳು ನಾನು."

ಬಸ್ಸು ಬಂತು. ಇಬ್ಬರೂ ಎದ್ದರು.

"ಏನಂತೆ ಕೂಸಿನ ಹೆಸರು?"

"ಆ ಹೆಸರಿಗೆ ನನ್ನ ನಾಲಿಗೇನೇ ಹೊರಳಲ್ಲ ಕಣಕ್ಕ."