ಉಪವಾಸದ ಸಕ್ಕರೆ

ಸಭೆಯನ್ನು ನಡೆಸಿಕೊಡುತ್ತಿರುವ ಅಧ್ಯಕ್ಷರೇ, ಇಂದು ನಮ್ಮ ಸಂಘ ಸನ್ಮಾನಿಸುತ್ತಿರುವ ಡಾಕ್ಟರ್ ಭಾವನಾ ಅವರೇ, ಪೆರಂಬೂರಿನ ಕನ್ನಡ ಬಂಧುಗಳೇ, ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ನಿಂತೇ ಬಂದಿರುವ ಸಭಿಕರೇ,

ನನ್ನ ಸೊಸೆ ಪ್ರೇರಣಾಳ ರಕ್ತದಲ್ಲಿ ಗ್ಲೈಕೇಟೆಡ್ ಅಲ್ಬುಮಿನ್ ಶೇಕಡಾ ಹದಿಮೂರು ಇದೆ. ಶುಕ್ರವಾರ ಸಂಜೆ ಲ್ಯಾಬಿನವರು ಕೊಟ್ಟ ವರದಿ ಇದು. ಆರು ತಿಂಗಳ ಗರ್ಭಿಣಿಗೆ ಈ ಮಟ್ಟ ಸರಿಯಾಗಿದೆ ಎಂದು ಹೇಳಿದವರು ಡಾಕ್ಟರ್ ಭಾವನಾ ಅವರೇ. ಆದರೂ ನಾಳೆಯಿಂದ ಅವಳಿಗೆ ಇನ್ಸುಲಿನ್ ಶುರು. ಏಕೆ? ನನಗೆ ಅರ್ಥವಾಗಿಲ್ಲ. ತಮಗೂ ಪೂರ್ತಿ ಅರ್ಥವಾಗಿಲ್ಲವೆಂದು ಡಾಕ್ಟರೇ ಒಪ್ಪಿಕೊಂಡಿದ್ದಾರೆ. ಸನ್ಮಾನದ ಸಭೆಯಲ್ಲಿ ಹೀಗೆ ಹೇಳಬಾರದೇನೋ. ಕ್ಷಮಿಸಿ, ಮೇಡಂ.

ಮುಂದಿನ ಸಾಲಿನಲ್ಲಿ ನನ್ನ ಮಗ ನಿಶಾಂತ್ ಸಾಕು ಸಾಕು ಎಂದು ಕೈಸನ್ನೆ ಮಾಡುತ್ತಿದ್ದಾನೆ. ಮನೆಯಲ್ಲಾದರೆ "ಅಪ್ಪಾ, ಪೋದುಂ" ಎನ್ನುತ್ತಿದ್ದ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಗ. ಆದರೆ ಡಾಕ್ಟರರ ಗುಣವನ್ನು ಹೇಳಬೇಕಾದರೆ ಈ ಗೊಂದಲವನ್ನು ಹೇಳದೆ ಹೇಗೆ?

ನಾನು ಕೋಚ್ ಕಾರ್ಖಾನೆಯಲ್ಲಿ ಗಾಲಿ ಅಳೆಯುತ್ತಿದ್ದವನು. ಎರಡು ಅಳತೆ ತಾಳೆಯಾಗದಿದ್ದರೆ ಮೂರನೆಯದನ್ನು ತೆಗೆಯುತ್ತಿದ್ದೆವು. ಡಾಕ್ಟರ್ ಮಾಡಿದ್ದೂ ಅದನ್ನೇ. ಪ್ರೇರಣಾಳ ಉಪವಾಸದ ಸಕ್ಕರೆ ನೂರಮೂವತ್ತು ಬಂತು. ತೊಂಬತ್ತೈದರ ಒಳಗಿರಬೇಕಂತೆ. ಕಳೆದ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ ಚೆನ್ನಾಗಿತ್ತು. ನಾನು ಹಿಗ್ಗಿದೆ. ಡಾಕ್ಟರ್ ಹಿಗ್ಗಲಿಲ್ಲ.

"ಬಸುರಿನಲ್ಲಿ ಕೆಂಪು ರಕ್ತಕಣಗಳು ಬೇಗ ಬೇಗ ಹೊಸದಾಗ್ತವೆ, ಸರ್. ಹೊಸ ಕಣಕ್ಕೆ ಸಕ್ಕರೆ ಅಂಟೋಕೆ ಟೈಮೇ ಸಿಗಲ್ಲ. ಅದಕ್ಕೇ ಆ ಸರಾಸರಿ ಕಮ್ಮಿ ತೋರಿಸಿಬಿಡಬಹುದು" ಎಂದರು.

ಹಾಗಾಗಿ ಅಲ್ಬುಮಿನ್ ಪರೀಕ್ಷೆ. ಇದು ರಕ್ತದ ಒಂದು ಪ್ರೋಟೀನು. ಇದಕ್ಕೆ ಅಂಟಿದ ಸಕ್ಕರೆ ಕಳೆದ ಎರಡು ಮೂರು ವಾರದ ಕಥೆ ಹೇಳುತ್ತದೆ. ರಕ್ತಕಣಗಳ ಗೊಡವೆ ಇದಕ್ಕಿಲ್ಲ. ಅದೂ ಸರಿಯಾಗಿಯೇ ಬಂತು. ಅದೇ ದಿನ ಮತ್ತೆ ನೋಡಿದ ಉಪವಾಸದ ಸಕ್ಕರೆ? ನೂರಮೂವತ್ತನಾಲ್ಕು! ಯಾವುದನ್ನು ನಂಬುವುದು? ಕಳೆದ ವಾರಗಳನ್ನೇ? ಆ ಬೆಳಗನ್ನೇ? "ಎರಡು ಸಲವೂ ಮೇಲಿದೆ. ಮಗುವಿನ ವಿಷಯ, ನಾನು ಸುಮ್ಮನೆ ಕೂರೋ ಹಾಗಿಲ್ಲ" ಎಂದು ಡಾಕ್ಟರ್ ಸೂಜಿ ಬರೆದರು. ಪ್ರೇರಣಾ ಆಸ್ಪತ್ರೆಯ ಮೆಟ್ಟಿಲಲ್ಲೇ ಕೂತು ಅತ್ತಳು.

ಕೆಲವರು ಪರೀಕ್ಷೆಗೆ ಹೋಗುವಾಗ ನಿಯಮ ಪಾಲಿಸುವುದಿಲ್ಲ ಎಂದು ಡಾಕ್ಟರ್ ಈಗಷ್ಟೇ ತಮ್ಮ ಮಾತಿನಲ್ಲಿ ಹೇಳಿದರು. ನಮ್ಮ ಮನೆಯಲ್ಲಿ ಆ ಪ್ರಶ್ನೆಯೇ ಇಲ್ಲ. ನನ್ನ ಹೆಂಡತಿ ಜಯಲಕ್ಷ್ಮೀ ಉಪವಾಸದಲ್ಲಿ ಎಷ್ಟು ಕಟ್ಟುನಿಟ್ಟು ಎಂದು ಈ ಸಭೆಗೆ ಗೊತ್ತು. ಏಕಾದಶಿಗೆ ಒಂದು ಅಗುಳು ಅನ್ನ ಮುಟ್ಟುವವಳಲ್ಲ. ಎರಡು ಸಲವೂ ಅವಳೇ ಮುಂದೆ ನಿಂತು ಸೊಸೆಗೆ ಉಪವಾಸ ಮಾಡಿಸಿದಳು. ಇಡ್ಲಿ ಇಲ್ಲ, ಕಾಫಿ ಇಲ್ಲ, ಉಪ್ಪು ಖಾರ ಇಲ್ಲ. ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇ.

"ಅತ್ತೆ, ಕೂಡಾದು, ಏನೂ ತಿನ್ನಬಾರದು ಅಂದ್ರಲ್ಲ ಲ್ಯಾಬಿನವರು?" ಎಂದು ಪ್ರೇರಣಾ ಒಮ್ಮೆ ಕೇಳಿದ್ದಳು.

"ಇದು ಊಟ ಅಲ್ಲ ಕಣೇ, ಫಲಾಹಾರ. ಉಪವಾಸಕ್ಕೆ ನಡೆಯುತ್ತೆ. ಬಸುರೀನ ಬರೀ ಹೊಟ್ಟೇಲಿ ಹೊಸಿಲು ದಾಟಿಸೋ ಅತ್ತೆ ಅನ್ನಿಸ್ಕೊಳ್ಳಲಾ ನಾನು?"

ಲ್ಯಾಬಿನ ಹುಡುಗಿ ಸಹ "ಸಾಪ್ಟೀಂಗಳಾ?" ಎಂದು, ಊಟವಾಯಿತೇ ಎಂದು, ವಿಚಾರಿಸಿಯೇ ರಕ್ತ ತೆಗೆದದ್ದು. ಪ್ರೇರಣಾ ಬಾಯಿ ತೆರೆಯುವ ಮುಂಚೆ ಜಯಲಕ್ಷ್ಮೀ "ಇಲ್ಲಮ್ಮಾ, ಉಪವಾಸಂ!" ಎಂದಿದ್ದಳು. ಇದಕ್ಕಿಂತ ಶಿಸ್ತು ಬೇಕೇ?

ಏಕೆ ಎಲ್ಲರೂ ನಗುತ್ತಿದ್ದೀರಿ? ನಾನಿನ್ನೂ ಜೋಕು ಹೇಳಿಲ್ಲ.

ಡಾಕ್ಟರ್ ಏನೋ ಕೇಳುತ್ತಿದ್ದಾರೆ. ಹೌದು ಮೇಡಂ, ಎರಡು ಸಲವೂ. ಮನೆಯಿಂದ ಹೊರಡುವ ಮುಂಚೆ. ಹಾಲಿಗೆ ಸಕ್ಕರೆಯೇ? ಛೇ, ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆ ಹಾಕುತ್ತಾರೆಯೇ? ಬೆಲ್ಲ ಹಾಕಿದ್ದು.

ದಯವಿಟ್ಟು ಶಾಂತಿ. ಮೈಕಿನಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಡುವುದೇನಿದೆ? ಆ ಪರೀಕ್ಷೆಯ ಉಪವಾಸವೆಂದರೆ ರಾತ್ರಿ ಊಟದ ಮೇಲೆ ನೀರು ಮಾತ್ರವಂತೆ. ಹಣ್ಣೂ ಇಲ್ಲ, ಹಾಲೂ ಇಲ್ಲ. ಹಾಗಾದರೆ ಅಳತೆ ಸರಿಯಿತ್ತು, ಗಾಲಿಗೆ ಮಣ್ಣು ಮೆತ್ತಿ ಕೊಟ್ಟವರು ನಾವೇ? ಅಥವಾ ಸಕ್ಕರೆ ನಿಜವಾಗಿಯೂ ಇದೆಯೇ? ಅದು ಈಗ ಗೊತ್ತಾಗುವುದಿಲ್ಲವಂತೆ. ಇಲ್ಲದ ಸಕ್ಕರೆಗೆ ಸೂಜಿ ಹಾಕಿದ್ದರೆ ಸಕ್ಕರೆ ತೀರಾ ಇಳಿದು ತಾಯಿಗೇ ಅಪಾಯವಾಗುತ್ತಿತ್ತು ಎನ್ನುತ್ತಿದ್ದಾರೆ.

ಜಯಾ, ಎದ್ದು ಹೋಗಬೇಡ. ಕೂತ್ಕೋ. ಯಾರೂ ನಿನ್ನನ್ನು ಬೈಯುತ್ತಿಲ್ಲ. ಪ್ರೇರಣಾ, ಅತ್ತೆಯ ಸೆರಗು ಹಿಡಿದುಕೊಂಡು ನಗುತ್ತಿದ್ದೀಯೋ ಅಳುತ್ತಿದ್ದೀಯೋ? ಇಲ್ಲಿಂದ ನನಗೆ ತಿಳಿಯುತ್ತಿಲ್ಲಮ್ಮ. ಏನಾದರೂ ಇರಲಿ, ಆ ಸೆರಗು ಬಿಡಬೇಡ.

ಡಾಕ್ಟರರ ಬಗ್ಗೆ ನಾಲ್ಕು ಮಾತು ಆಡಲು ಬಂದವನು ಒಂದೂ ಆಡಲಿಲ್ಲ. ಶಾಲು ಹೊದ್ದು ಕೂತಲ್ಲೇ ರೋಗಿಯ ಕಥೆ ಕೇಳಿಸಿಕೊಂಡ ಅವರಿಗೂ, ಅಧ್ಯಕ್ಷರಿಗೂ, ತಾಳ್ಮೆಯಿಂದ ಕೇಳಿದ ನಿಮಗೂ ಧನ್ಯವಾದ, ನಮಸ್ಕಾರ. ಇನ್ಸುಲಿನ್ ಸದ್ಯಕ್ಕೆ ಶುರು ಮಾಡುವುದು ಬೇಡವಂತೆ. ನಾಳೆ ಸೋಮವಾರ ಬೆಳಿಗ್ಗೆ ಏಳಕ್ಕೆ, ನೀರು ಮಾತ್ರ ಕುಡಿದು, ಪ್ರೇರಣಾ ಮತ್ತೆ ರಕ್ತ ಕೊಡುತ್ತಾಳೆ.