ಬೂದಿಯಲ್ಲಿ ಕೂತವರು

ಮಳೆ ಶುರುವಾಗಿ ಅಂಗಳದಲ್ಲಿ ಕಂಬಳಿಗೆ ಉಣ್ಣೆ ತಟ್ಟುವ ಕೆಲಸ ನಿಂತಿತು. ಹೆಂಗಸರೆಲ್ಲ ಹಸಿ ಕೈ ಒರೆಸಿಕೊಂಡು ಕಾಲಿಚಾ ಅಜ್ಜಿಯ ಒಲೆಯ ಸುತ್ತ ಕೂತರು. ಬೆಗಾಯಿಂ ಮಾತ್ರ ಬಾಗಿಲ ಹತ್ತಿರವೇ ಉಳಿದಳು. ಹೋದ ವಾರ ಅವಳ ಮನೆ ಸುಟ್ಟುಹೋಗಿತ್ತು. ಎಷ್ಟು ತೊಳೆದರೂ ಜಡೆಯ ಹೊಗೆವಾಸನೆ ಬಿಟ್ಟಿರಲಿಲ್ಲ. ಸುಟ್ಟ ಜಾಗದಲ್ಲಿ ಮತ್ತೆ ಮನೆ ಕಟ್ಟಬಾರದು, ಗಂಡನಿಲ್ಲದವಳು ತವರಿಗೆ ಹೋಗು ಎಂದು ಭಾವ ಬೆಳಿಗ್ಗೆಯಷ್ಟೇ ಹೇಳಿಹೋಗಿದ್ದ.

"ಹತ್ರ ಬಾರೇ, ನಮ್ಮೂರ ಸೊಸೆ. ಹೊಗೆವಾಸನೆ ಅಂತ ನಾಚ್ಕೋಬೇಡ, ಇಲ್ಲಿ ಎಲ್ರೂ ಕುರಿವಾಸನೆಯೋರೇ," ಅಂದಳು ಅಜ್ಜಿ. ಬಟ್ಟಲಿಗೆ ಹಾಲುಚಹಾ ಸುರಿದು ಅವಳತ್ತ ದಾಟಿಸಿ ಕಥೆ ಶುರುಮಾಡಿದಳು.

"ಬುರುಲ್ ಅಂತ ಒಬ್ಳಿದ್ಲು, ನಾರಿನ್ ನದಿ ಆಚೆ... ನನ್ನ ಓರಗೆಯೋಳು. ಅವಳ ಮನೆಯೂ ಹೀಗೇ ಸುಟ್ಟೋಯ್ತು. ಪ್ರತಿ ಗುರುವಾರ, ಸತ್ತೋರಿಗೆ ಅಂತ ರೊಟ್ಟಿ ಕರೀತೀವಲ್ಲ, ಆ ಒಂದು ಬಾಣಲೆ ಎಣ್ಣೆ ವಾಸನೆಗೇ ತೀರಿಹೋದ ನಮ್ಮೋರು ಗೋರಿಗುಡ್ಡ ಇಳಿದು ಬರ್ತಾರೆ ಅಂತೀವಲ್ಲ... ಹಂಗಿದ್ಮೇಲೆ ಕೊಬ್ಬಿನ ಗಡಿಗೆ, ಕಂಬಳಿ, ಮದುವೆ ಪೆಟ್ಟಿಗೆ ಸಮೇತ ಇಡೀ ಮನೇನೇ ಉರಿದ್ರೆ ಎಷ್ಟು ಜನ ಬರ್ಬೇಡ? ಬಂದ್ರು. ಮತ್ತೆ ಮನೆ ಕಟ್ಟೋಕೆ ಬುರುಲ್ ತೊಲೆ ಎತ್ತಿ ನಿಲ್ಸಿದ್ರೆ ಬೆಳಿಗ್ಗೆಗೆ ಮಲಗಿರೋದು, ಗೋಡೆ ಕಟ್ಟಿದ್ರೆ ಒಳಗಿಂದ ಯಾರೋ ಬೆನ್ನು ಒರಗಿದ ಹಾಗೆ ಉಬ್ಬೋದು. ಬುರುಲ್‌ಗೆ ಆಮೇಲೆ ಹೊಳೀತು... ಊಟ ಆದ್ಮೇಲೆ ಅಂಗೈ ಎತ್ತಿ, ಹರಸಿ, ಮುಖ ಸವರ್ಕೊಳ್ದೆ ಯಾವ ನೆಂಟ ಏಳ್ತಾನೆ ಹೇಳಿ? ಬೆಂಕಿ ಆರ್ಸೋ ಗಲಾಟೇಲಿ ಯಾರಿಗೆ ಅದು ನೆನಪಿರತ್ತೆ? ಅದಕ್ಕೇ ಬಂದೋರೆಲ್ಲ ಬೂದೀಲೇ ಕೂತಿದ್ರು.

"ಒಂದು ಸಂಜೆ ಹೋಗಿ ಬೂದಿ ಮಧ್ಯ ಮಂಡಿಯೂರಿ ಕೂತ್ಲು. 'ಹೊಟ್ಟೆ ತುಂಬ್ತಾ? ನನ್ನ ಹಾಸಿಗೆ ತಿಂದ್ರಿ, ತೊಟ್ಟಿಲು ತಿಂದ್ರಿ. ಇನ್ನು ಏಳಿ' ಅಂತ ಅಂಗೈ ಎತ್ತಿ ಮುಖ ಸವರ್ಕೊಂಡ್ಲು. ಬೂದಿ ಅಲ್ಲಲ್ಲಿ ಕದಲ್ತು, ಜನ ಅಂಗಿ ಕೊಡವಿ ಎದ್ದ ಹಾಗೆ... ಒಬ್ರನ್ನ ಬಿಟ್ಟು. ಬಾಗಿಲಿಗೆ ಎದುರು, ಹಿರೀಕರ ಜಾಗದಲ್ಲಿ ಅವಳ ಸತ್ತ ಅತ್ತೆ. 'ಹಿರಿಯಳು ನಾನಿರುವಾಗ ಹರಸೋಕೆ ನೀನ್ಯಾರೇ? ನಾನು ಕೈ ಎತ್ತಲ್ಲ' ಅಂದ್ಲಂತೆ."

"ಸತ್ತ ಮೇಲೂ ಅತ್ತೆ ಅತ್ತೇನೇ," ಎಂದು ಯಾರೋ ಗೊಣಗಿದರು. ನಗು ಎದ್ದು, ಅಷ್ಟೇ ಬೇಗ ಅಡಗಿತು.

"ಬುರುಲ್ ಏನಂದ್ಲು ಗೊತ್ತಾ? 'ಕೂತಿರು. ನಿನ್ನ ಸುತ್ತಾನೇ ಗೋಡೆ ಎಬ್ಬಿಸ್ತೀನಿ.' ಎಬ್ಬಿಸಿದ್ಲು, ನಿಂತ್ವು. ಇವತ್ತಿಗೂ ಆ ಮನೇಲಿ ಆ ಜಾಗಕ್ಕೆ ನೆಂಟರನ್ನ ಕೂರ್ಸಲ್ಲ. ಗೊತ್ತಿಲ್ದೆ ಕೂತ ಹೊಸ ಅಳಿಯ, ಈ ಹಾಸಿಗೆಗೆ ಮೊಣಕಾಲಿದೆ ಅಂದ್ನಂತೆ..."

ಬೆಗಾಯಿಂ ಬಟ್ಟಲು ಕೆಳಗಿಟ್ಟಳು. "ಅಜ್ಜೀ... ನನ್ನ ಬೂದೀಲಿ?"

"ಮಧ್ಯಾಹ್ನ ಆ ಕಡೆ ಹೋಗಿದ್ದೆ. ಹನೀತಿತ್ತು, ಆದ್ರೂ ಒಬ್ರೂ ಎದ್ದಿಲ್ಲ. ತೀರಿಹೋದ ನಿನ್ನತ್ತೆ ಮೇಲಿನ ಜಾಗದಲ್ಲಿ ಕೂತಿದಾಳೆ. ಪಕ್ಕದಲ್ಲಿ ಒಬ್ರು ಕೂರೋವಷ್ಟು ಜಾಗ ಬಿಟ್ಕೊಂಡಿದಾಳೆ... ನಿನಗೇ ಇರ್ಬೇಕು."

ಬೆಗಾಯಿಂ ಬಟ್ಟಲು ಎತ್ತಿಕೊಂಡು ಎದ್ದು ಬಂದು ಹೆಂಗಸರ ನಡುವೆ, ಒಲೆಯ ಎದುರಿಗೇ ಕೂತಳು.

"ಆ ಜಾಗ ಯಾವ್ದು ತೋರ್ಸು. ನಾಳೆ ಹೊಸ ಮನೆ ಒಲೆ ಅಲ್ಲೇ ಹಾಕ್ತೀನಿ."

"ಮಳೆ ನಿಲ್ಲಲಿ, ಹೋಗೋಣ," ಅಂದಳು ಅಜ್ಜಿ, ಅವಳ ಬಟ್ಟಲನ್ನು ಮತ್ತೆ ತುಂಬುತ್ತಾ. "ಅವರೇನೂ ಎಲ್ಲಿಗೂ ಹೋಗಲ್ಲ."