ಗುಬ್ಬಿಯ ಹೆಸರು

ರೋಗಿಗಳ ಸರದಿ ನೋಡಿಕೊಳ್ಳುವ ತಂತ್ರಾಂಶವನ್ನು ಬರೆದವಳು ಗುಬ್ಬಿ ಎಂಬ ಅಡ್ಡಹೆಸರಿನ ಹೆಂಗಸು. ಅವಳನ್ನು ಕೆಲಸದಿಂದ ತೆಗೆದು, ಬರೆದವನು ತಾನೇ ಎಂದು ಅವಳ ಮ್ಯಾನೇಜರ್ ಹೇಳಿಕೊಂಡ.

ಕಣ್ಣಿನ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದ ದರ್ಜಿಯ ಕಿವಿಗೆ ಇದು ಬಿದ್ದದ್ದು ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತಿನಿಂದ. ಗುಬ್ಬಿಯ ಆಫೀಸಿನಲ್ಲೇ ಕೆಲಸ ಮಾಡುವ ತಂಗಿಯ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು.

“ರೂಬಿ ಭಾಷೇಲಿ ಕೋಡ್ ಬರೆಯೋಕಿರೋ ಈ ಎಡಿಟರ್ ಆ್ಯಪ್ ನೋಡಕ್ಕಾ. ಎರಡಕ್ಷರ ಹೊಡೆದ್ರೆ ಸಾಕು, ಗುಬ್ಬಿ ತನ್ನ ಹೆಸರಿಟ್ಟು ಬರೆದಿದ್ದೆಲ್ಲಾ ಸಾಲಾಗಿ ಬಂದು ನಿಲ್ಲುತ್ತೆ.”

“ಅಬ್ಬಬ್ಬಾ! ನಿಮ್ಮ ಭಾವನಿಗೆ ಪೂರ್ತಿ ಬಿಡಿಸಿ ಹೇಳಿದ್ರೂ ತಲೆಗೆ ಹೋಗಲ್ಲ.”

“ಒಂದು ಕಡೆ ಹೆಸರು ಬದಲಾಯಿಸಿದ್ರೆ ಎಲ್ಲಾ ಕಡೆ ತಾನೇ ಬದಲಾಯಿಸುತ್ತೆ. ಅದಕ್ಕೂ ಮುಂಚೆ ಒಂದೊಂದು ಜಾಗಾನೂ ತೋರಿಸಿ, ‘ಮಾಡ್ಲಾ?’ ಅಂತ ಕೇಳುತ್ತೆ.”

“ನಿಮ್ಮ ಮ್ಯಾನೇಜರಿಗಿಂತ ಅದಕ್ಕೇ ಮರ್ಯಾದೆ ಗೊತ್ತು ಬಿಡು.”

ಒಂದು ತಪ್ಪು ಹೊಲಿಗೆಗೆ ಇಡೀ ತೋಳು ಬಿಚ್ಚಬೇಕಾದ ದರ್ಜಿ, ಹೊಟ್ಟೆಕಿಚ್ಚಿನಿಂದ ಪರದೆಯನ್ನೇ ನೋಡಿದ.

ತಂಗಿಯ ಫೋನ್ ಬಡಿದುಕೊಂಡಿತು. ಮ್ಯಾನೇಜರ್.

“ಗುಬ್ಬಿ ಹೆಸರು ತೆಗೆದು ನಿಮ್ಮದು ಹಾಕ್ಬೇಕಾ ಸಾರ್? ಹೌದು, ಒಂದು ನಿಮಿಷದ ಕೆಲಸ.”

ಅಕ್ಕ ಮೊಣಕೈ ತಿವಿದಳು. “ಹೂಂ ಅನ್ನೇ, ಇಲ್ಲಾಂದ್ರೆ ನಿನ್ನ ಕೆಲಸಾನೂ ಹೋಗುತ್ತೆ.”

ಒಳಗಿನಿಂದ ಕರೆ ಬಂತು. ತಂಗಿ ಲ್ಯಾಪ್‌ಟಾಪ್ ಮುಚ್ಚಿ, ಅಕ್ಕನ ತೋಳು ಹಿಡಿದು ಒಳಗೆ ನಡೆಯುತ್ತಾ ಫೋನಿಗೆ ಹೇಳಿದಳು:

“ಎಡಿಟರ್ ಮಾಡುತ್ತೆ ಸಾರ್. ನಾನು ಮಾಡಲ್ಲ.”